ಗುಮ್ಮಟದ ಹೊರಗೆ ಕೆಮ್ಮಿ ನೋಡಿದ್ದು

ಗೋಳಗುಮ್ಮಟದ ಬಗಲಿಗೇ ಮನೆಯಿರುವ ನನ್ನಂಥವರಿಗೆ ಒಂದು ಹುಟ್ಟುಭ್ರಮೆ ಉಂಟು: ಗುಮ್ಮಟದೊಳಗೆ ನಿಂತು ಕೆಮ್ಮಿದರೆ ಸಾಕು, ನಮ್ಮ ಕ್ಷೀಣ ಕಂಠವೂ ಘನಗಂಭೀರವಾಗಿ ಮರಳಿ ಬಂದು, ನಾವೇನೂ ಸಾಮಾನ್ಯರಲ್ಲ ಎನ್ನಿಸಿಬಿಡುತ್ತದೆ. ನೀವೂ ಕೆಮ್ಮಿ ನೋಡಿರುತ್ತೀರಿ. ನನ್ನ ಭ್ರಮೆ ಹರಿದದ್ದು ತಿಕೋಟಾದಲ್ಲಿ, ಅಕ್ಕನ ಒಣದ್ರಾಕ್ಷಿ ಶೆಡ್ಡಿನಲ್ಲಿ. ಅಲ್ಲಿದ್ದವರು ಮೂವರು: ಗಿರಿಜಕ್ಕ, ಟೆಂಪೋ ಓಡಿಸುವ ಸಿದ್ದಪ್ಪ, ಮತ್ತು ಲ್ಯಾಪ್‌ಟಾಪನ್ನು ಹೆಗಲಿಗೇರಿಸಿ ಜಂಬದಿಂದ ಬಂದಿಳಿದ ನಾನು.

ಬಾರ್‌ಕೋಡಿನ ಚೀಟಿಯಿಲ್ಲದ ಪೆಟ್ಟಿಗೆಯನ್ನು ಕೋಲ್ಡ್ ಸ್ಟೋರೇಜಿನವರು ಒಳಗೆ ಬಿಡುವುದಿಲ್ಲ. ಚೀಟಿ ಮುದ್ರಿಸುವ ಹಳೆಯ ಪ್ರೋಗ್ರಾಮು ಕೈಕೊಟ್ಟಿತ್ತು. ಹೊಸದನ್ನು ಬರೆದುಕೊಡುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಬಬಲೇಶ್ವರದ ದಿಕ್ಕಿಗೆ ಮೋಡ ಕವಿಯುತ್ತಿತ್ತು. ನೀರು ತಾಗಿದರೆ ಅಕ್ಕನ ವರ್ಷದ ಮಾಲೆಲ್ಲ ಹಾಳು.

ನನ್ನ ಪಾಕಶಾಲೆಯ ರಹಸ್ಯ ಇಷ್ಟು: ಕಂಪ್ಯೂಟರು ವಿಂಡೋಸಿನದೇ ಆದರೂ, ಅದರೊಳಗೆ ಯುನಿಕ್ಸ್ ಸಂಪ್ರದಾಯದ ಕರಿಕಿಟಕಿಯೊಂದನ್ನು ತೆರೆದು, ಅಲ್ಲಿ ಆಜ್ಞೆಗಳನ್ನು ಟೈಪಿಸಿ, ವಿಂಡೋಸಿನಲ್ಲಿ ನೇರವಾಗಿ ಓಡುವ ಪ್ರೋಗ್ರಾಮನ್ನು ಕಂಪೈಲ್ ಮಾಡುತ್ತೇನೆ, ಎಂದರೆ ಬರೆದ ಕೋಡನ್ನು ಓಡಬಲ್ಲ ಕಡತವಾಗಿ ಬೇಯಿಸಿ ಇಳಿಸುತ್ತೇನೆ. ಆ ಕಿಟಕಿಯಲ್ಲಿ ಅದು ಕುದುರೆಯಂತೆ ಓಡಿತ್ತು. ಅಕ್ಕನ ಕಂಪ್ಯೂಟರಿನಲ್ಲಿ ಮಾತ್ರ, ತನಗೆ ಬೇಕಾದ, ಡಿಎಲ್‌ಎಲ್ ಎಂಬ ಯಾವುದೋ ಜೊತೆಕಡತ ಸಿಗುತ್ತಿಲ್ಲವೆಂದು ಹೇಳಿ ಮಲಗಿಬಿಟ್ಟಿತು.

“ಯಕ್ಕಾ, ನನ್ನ ಮನ್ಯಾಗ ಛಲೋ ಓಡಿತ್ತ,” ಎಂದೆ.

“ನಿನ್ನ ಮನ್ಯಾಗ ಓಡಿದ್ರ ನನ್ನ ಪೆಟಗಿಗೆ ಏನ್ ಬಂತೋ ತಮ್ಮಾ?”

“ಅಕ್ಕಾರ, ಮ್ಯಾಲ ನೋಡ್ರಿ, ಮಳಿ ಬರೂ ಹಂಗೈತಿ,” ಎಂದ ಸಿದ್ದಪ್ಪ.

ಆಗ ಹೊಳೆಯಿತು. ನಾನು ಕೆಮ್ಮಿದ್ದೆಲ್ಲ ಗುಮ್ಮಟದೊಳಗೇ! ಬೇಕಾದ ಕಡತಗಳನ್ನು ಆ ಕರಿಕಿಟಕಿ ಸದ್ದಿಲ್ಲದೆ ಒದಗಿಸುತ್ತಿತ್ತು. ನಾನು ಅದನ್ನೇ ನನ್ನ ಕಂಠಸಿರಿ ಎಂದುಕೊಂಡಿದ್ದೆ. ಖಾಲಿ ಪೆಟ್ಟಿಗೆಯೊಂದರ ಮೇಲೆ ಕೂತು, ಆ ಕಡತಗಳೂ ಪ್ರೋಗ್ರಾಮಿನ ಹೊಟ್ಟೆಯೊಳಗೇ ಸೇರುವಂತೆ ಮತ್ತೆ ಕಂಪೈಲ್ ಮಾಡಿದೆ. ಮದುವೆಯೂಟ ಮುಗಿಸಿದ ಬೀಗರಂತೆ ಅದರ ಗಾತ್ರ ಉಬ್ಬಿತು. ಆದರೇನು, ಈ ಸಲ ಅಕ್ಕನ ಕಂಪ್ಯೂಟರಿನಲ್ಲಿ ಎದ್ದು ನಿಂತಿತು. ಪ್ರಿಂಟರು ಕಿರ್ರೆಂದು ಮೊದಲ ಚೀಟಿ ಉಗುಳಿತು.

“ಇದಕ್ಕ ಏನ್ ಉಣ್ಣಾಕ ಹಾಕಿದ್ಯೋ?” ಎನ್ನುತ್ತ ಅಕ್ಕ ನನ್ನ ಬಾಯಿಗೆ ಒಂದು ಹಿಡಿ ದ್ರಾಕ್ಷಿ ತುರುಕಿದಳು.

ಚೀಟಿ ಹಚ್ಚಿದ ಪೆಟ್ಟಿಗೆಗಳನ್ನು ಹೊತ್ತು ಟೆಂಪೋ ಹೊರಟಿತು. “ಮಾಲ ಒಳಗ ಹೋತ್ರಿ,” ಎಂದು ಸಿದ್ದಪ್ಪ ಕೋಲ್ಡ್ ಸ್ಟೋರೇಜಿನಿಂದ ಫೋನು ಮಾಡಿದ ಮೇಲೆಯೇ ಮಳೆ ಬಿತ್ತು. ಶೆಡ್ಡಿನ ಬಾಗಿಲಲ್ಲಿ ನಿಂತು ಅಕ್ಕ, ನಾನು ಇಬ್ಬರೂ ಚಹಾ ಕುಡಿದೆವು. ಮಳೆ ಅಷ್ಟು ಚೆಂದವಾಗಿ ನನಗೆಂದೂ ಕಂಡಿರಲಿಲ್ಲ.

ಮುಂದಿನ ವಾರ ಅಕ್ಕ ವಿಜಯಪುರಕ್ಕೆ ಬಂದಳು. ಗುಮ್ಮಟದೊಳಗೆ ನಾನು ಅಭ್ಯಾಸಬಲದಿಂದ ಕೆಮ್ಮಿದೆ.

“ಹೊರಗ ಬಂದು ಕೆಮ್ಮೋ, ನೋಡೂಣು,” ಎಂದಳು.

ಹೊರಗೆ ಬಂದು ಕೆಮ್ಮಿದೆ. ಶೇಂಗಾ ಮಾರುತ್ತಿದ್ದ ಮುದುಕ ತಿರುಗಿ ನೋಡಿ, “ನೀರ ಬೇಕೇನ್ರಿ?” ಎಂದ.