ಗುಡಗೇರಿಯ ತಾರು ಮಾಸ್ತರ ಮತ್ತು ಇನ್ನೂರು ರೊಟ್ಟಿ

ಗುಡಗೇರಿಯ ಈರಬಸಪ್ಪ ಯಾರ ಮಾತನ್ನೂ ಕೇಳುವ ಮನುಷ್ಯನಲ್ಲ. ಇದು ನೆರೆಹೊರೆಯವರ ಚಾಡಿಯಲ್ಲ, ನಲವತ್ತೊಂದು ವರ್ಷ ಅವನೊಂದಿಗೆ ಬಾಳಿದ ಹೆಂಡತಿ ಅನ್ನವ್ವನ ತೀರ್ಮಾನ. ಉಪ್ಪು ಮುಗಿದಿದೆ ಎಂದು ಮೂರು ಸಲ ಹೇಳಿದರೆ ನಾಲ್ಕನೆಯ ದಿನ ಬೆಲ್ಲ ತರುತ್ತಾನೆ. ಮಾಳಿಗೆ ಸೋರುತ್ತಿದೆ ಎಂದರೆ ಕೊಡೆ ಹುಡುಕುತ್ತಾನೆ. ಕಿವಿಯಲ್ಲಿ ದೋಷವೇನಿಲ್ಲ. ಹುಬ್ಬಳ್ಳಿಯ ಡಾಕ್ಟರು ಯಂತ್ರ ಹಚ್ಚಿ ನೋಡಿ, ಇಪ್ಪತ್ತು ವರ್ಷದವರ ಕಿವಿಯಂತಿದೆ ಎಂದು ಬರೆದುಕೊಟ್ಟಿದ್ದಾರೆ. ಮುಂದೆ ಸಾಕ್ಷಿಗೆ ಬೇಕಾದೀತೆಂದು ಆ ಚೀಟಿಯನ್ನು ಅನ್ನವ್ವ ದೇವರ ಜಗುಲಿಯ ಮೇಲೆ ಇಟ್ಟಿದ್ದಾಳೆ.

ಆ ಕಿವಿಯನ್ನು ಅವನು ಬಹಳ ಹಿಂದೆಯೇ ಸರ್ಕಾರಕ್ಕೆ ಕೊಟ್ಟುಬಿಟ್ಟಿದ್ದ. ತಾರು ಕಚೇರಿಯಲ್ಲಿ ಸೌಂಡರ್ ಎಂಬ ಹಿತ್ತಾಳೆಯ ಯಂತ್ರದ ಮುಂದೆ ಕೂತು, ಅದು ಕಟ್-ಕಡ ಎಂದು ಬಡಿದದ್ದನ್ನು ಅಕ್ಷರ ಮಾಡಿ ಬರೆದುಕೊಳ್ಳುವುದು ಅವನ ನೌಕರಿ. ತಂತಿಯ ಆಚೆ ತುದಿಯಲ್ಲಿ ಯಾರು ಕೂತಿದ್ದಾರೆಂದು ಬಡಿತದಿಂದಲೇ ಹೇಳುತ್ತಿದ್ದನಂತೆ. "ಪ್ರತಿ ಕೈಗೂ ಒಂದೊಂದು ಧಾಟಿ ಇರತೈತಿ. ಗದಗಿನ ಮಾಸ್ತರಗ ಹೆಗಲ ಹಿಡದಿದ್ರ ಇಲ್ಲಿ ಕುಂತ ನನಗ ಗೊತ್ತಾಗತಿತ್ತು," ಎಂದು ಅವನು ಶುರುಮಾಡಿದರೆ ಅನ್ನವ್ವ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಗದಗಿನ ಮಾಸ್ತರನ ಹೆಗಲಿನ ಬಗ್ಗೆ ಅವಳಿಗೆ ಬೇಕಾದದ್ದಕ್ಕಿಂತ ಹೆಚ್ಚು ಗೊತ್ತಿತ್ತು.

ಸೌಂಡರ್ ಹೋಯಿತು, ಆಮೇಲೆ ತಾರೇ ನಿಂತಿತು, ಈರಬಸಪ್ಪನಿಗೆ ಪಿಂಚಣಿ ಬಂತು. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹೋದ ತಿಂಗಳು ಹುಬ್ಬಳ್ಳಿಯ ಗುಜರಿಯಲ್ಲಿ ಮುರುಕು ದೀಪದ ಸಮೆ, ಹಳೆಯ ನಲ್ಲಿಗಳ ನಡುವೆ ಒಂದು ಸೌಂಡರ್ ಅವನ ಕಣ್ಣಿಗೆ ಬಿತ್ತು. ಹಿತ್ತಾಳೆಯ ತೂಕಕ್ಕೆ ಅದನ್ನು ಕೊಂಡು ತಂದು, ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಸ್‌ಸ್ಟ್ಯಾಂಡಿನ ಹತ್ತಿರ ಆನ್‌ಲೈನ್ ಸೆಂಟರ್ ಇಟ್ಟುಕೊಂಡಿರುವ ಸಿದ್ಧಾರೂಢನ ಮೇಜಿನ ಮೇಲೆ ಇಟ್ಟ. ಹೊಲದ ಉತಾರ ತೆಗೆಸಲು ಬಂದ ಏಳು ಮಂದಿ ರೈತರು ಹಿಂದೆ ನಿಂತೇ ಇದ್ದರು.

"ಕಾಕಾ, ಏನ್ರಿ ಇದು? ಅಡಕತ್ತರೇನ್ರಿ?"

"ತಾರಿನ ಯಂತ್ರ. ಇದಕ್ಕ ನಿನ್ನ ಇಂಟರ್‌ನೆಟ್ ಜೋಡಸು."

"ಜೋಡಸಿ ಏನ್ ಮಾಡ್ತೀರಿ?"

"ಮೊಬೈಲಿನ್ಯಾಗ ಬಂದದ್ದು ಇದರಾಗ ಬಡೀಬೇಕು. ನಾ ಕೇಳಿ ಬರಕೋತೀನಿ."

"ಮೊಬೈಲಿನ್ಯಾಗ ಬರದಽ ಇರತೈತಲ್ರಿ ಕಾಕಾ. ಓದಿದ್ರಾತು."

"ಓದಾಕ ಯಾರಿಗಾದ್ರೂ ಬರತೈತಿ," ಎಂದ ಈರಬಸಪ್ಪ.

ಸಿದ್ಧಾರೂಢ ಬುದ್ಧಿವಂತ, ಬುದ್ಧಿವಂತರಿಗಿರುವ ದೌರ್ಬಲ್ಯವೇ ಅವನಿಗೂ ಇತ್ತು. ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಉತಾರದವರನ್ನು ಎರಡು ದಿನ ತಿರುಗಾಡಿಸಿ, ಬೆಂಕಿಪೊಟ್ಟಣದಷ್ಟು ದೊಡ್ಡ ಹಸಿರು ಬೋರ್ಡಿಗೆ ತಂತಿ ಎಳೆದು, ಒಂದು ಪ್ರೋಗ್ರಾಮ್ ಬರೆದ. ಮೊಬೈಲಿಗೆ ಮೆಸೇಜು ಬಂದರೆ ಸೌಂಡರ್ ಬಡಿಯತೊಡಗಿತು. ಅದನ್ನು ಮನೆಗೆ ತಂದ ಈರಬಸಪ್ಪ, ಸದ್ದು ಸಣ್ಣದಾಯಿತೆಂದು ಅದರ ಬೆನ್ನಿಗೆ ಅನ್ನವ್ವನ ಗುರೆಳ್ಳು ಚಟ್ನಿಯ ಡಬ್ಬಿಯನ್ನು ಬರಿದು ಮಾಡಿ ನಿಲ್ಲಿಸಿದ. ಆಮೇಲೆ ಅದು ಓಣಿಯ ಕೊನೆಯವರೆಗೆ ಕೇಳಿಸಿತು.

ತೊಂದರೆ ಇದ್ದದ್ದು ಮೊಬೈಲಿನದು. ಮನೆಯಲ್ಲಿದ್ದದ್ದು ಒಂದೇ, ಅದೂ ಅನ್ನವ್ವನದು. ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸುವ ಪುಂಡಲೀಕ ಅವಳಿಂದ ಮೆತ್ತನೆಯ ಜೋಳದ ರೊಟ್ಟಿ ತರಿಸಿಕೊಳ್ಳುತ್ತಿದ್ದ. ಮುಂಜಾನೆ ಅವನ ಮೆಸೇಜು, ಸಂಜೆ ಐದರ ಗಾಡಿಗೆ ಇವಳ ಬುಟ್ಟಿ. ಎರಡು ಸಲ ಗಾಡಿ ತಪ್ಪಿದ್ದಕ್ಕೆ ಅವನು ಹೇಳಿಬಿಟ್ಟಿದ್ದ: "ಅಕ್ಕಾರ, ಇನ್ನೊಂದ ಸಲ ತಪ್ಪಿದ್ರ ನವಲಗುಂದದವರಿಗೆ ಆರ್ಡರ್ ಹಚ್ಚತೀನಿ ನೋಡ್ರಿ. ಮತ್ತ ಸಿಟ್ಟಾಗಬ್ಯಾಡ್ರಿ." ಹತ್ತು ವರ್ಷ ಕೈಯಾರೆ ಕಟ್ಟಿಕೊಂಡ ವ್ಯವಹಾರ ಅದು. ಅನ್ನವ್ವ ಅದನ್ನು ಕಳೆದುಕೊಳ್ಳಲು ತಯಾರಿರಲಿಲ್ಲ.

ಅವಳು ಸಂತೆಯಿಂದ ತಿರುಗಿ ಬಂದಾಗ ಮೊಬೈಲು ಹಳೆಯ ರೇಡಿಯೋ ಪೆಟ್ಟಿಗೆಯೊಳಗೆ ಸೇರಿತ್ತು. ಪೆಟ್ಟಿಗೆಗೆ ನಾಲ್ಕು ಸ್ಕ್ರೂ. ರಿಂಗಿನ ಸದ್ದು ಬಡಿತಕ್ಕೆ ಅಡ್ಡ ಬರುತ್ತದೆಂದು ಈರಬಸಪ್ಪ ಅದನ್ನೂ ಬಂದ್ ಮಾಡಿದ್ದ.

"ನನ್ನ ಆರ್ಡರ್ ಬಂದ್ರ ಹ್ಯಾಂಗ್ರಿ?"

"ನಾ ಇದ್ದೀನಲ್ಲ."

"ಅದಽ ಚಿಂತಿ ನನಗ."

ಮೊದಲ ದಿನ ಮುಂಜಾನೆ ನಲವತ್ತಮೂರು ಮಂದಿ ಶುಭೋದಯ ಕಳಿಸಿದರು. ಈರಬಸಪ್ಪ ನಲವತ್ತಮೂರು ಚೀಟಿ ಬರೆದು, ವೇಳೆ ನಮೂದಿಸಿ, ಒಂದೊಂದಕ್ಕೂ ಹೆಂಡತಿಯ ಸಹಿ ತೆಗೆದುಕೊಂಡ. ಗುಲಾಬಿ ಹೂವಿನ ಪಟ ಬಂದಲ್ಲಿ "ಚಿತ್ರ, ವಿವರವಿಲ್ಲ" ಎಂದು ಬರೆದಿದ್ದ. ಅನ್ನವ್ವ ಸಹಿ ಹಾಕುತ್ತಿರುವಾಗಲೇ ಒಲೆಯ ಮೇಲಿನ ಹಾಲು ಉಕ್ಕಿತು.

ಎರಡನೆಯ ದಿನ ಎಂಟಕ್ಕೆ ಹತ್ತು ನಿಮಿಷವಿದ್ದಾಗ ಬಂದದ್ದು ಬಾಜು ಮನೆಯ ದುರಗವ್ವನಿಗೆ ಮುಟ್ಟಬೇಕಾದ ಮೆಸೇಜು. ದುರಗವ್ವನಿಗೆ ಮೊಬೈಲಿಲ್ಲ, ಅಣ್ಣಿಗೇರಿಗೆ ಕೊಟ್ಟ ಮಗಳು ನಂದಾ ಏನಿದ್ದರೂ ಅನ್ನವ್ವನ ನಂಬರಿಗೇ ಕಳಿಸುವುದು. ಈರಬಸಪ್ಪ ಟ್ರಂಕಿನಿಂದ ನೌಕರಿಯ ಕಾಲದ ಖಾಕಿ ಕೋಟು ತೆಗೆದು ತೊಟ್ಟ. ಅಷ್ಟರಲ್ಲಿ ಎಂಟೂ ಹತ್ತಕ್ಕೆ ಇನ್ನೊಂದು ಬಂತು. ಅದನ್ನೂ ಬರೆದು ಕಿಸೆಗಿಟ್ಟು, ಹತ್ತು ಹೆಜ್ಜೆ ದೂರದ ಮನೆಗೆ ಸೈಕಲ್ ಹತ್ತಿ ಹೋದ. ದುರಗವ್ವ ಹೊಲಕ್ಕೆ ಹೋಗಿದ್ದಳು. ಮೊದಲು ಬಂದ ತಾರು ಮೊದಲು ಮುಟ್ಟಬೇಕು, ಅದು ಇಲಾಖೆಯ ನಿಯಮ. ಅವಳ ಕಟ್ಟೆಯ ಮೇಲೆ ನಾಲ್ಕು ತಾಸು ಕೂತ.

ದುರಗವ್ವ ಹುಲ್ಲಿನ ಹೊರೆ ಹೊತ್ತು ಬಂದಾಗ ಎದ್ದು ನಿಂತು, ಸೈಕಲ್ ಗಂಟೆ ಬಾರಿಸಿ ಹೇಳಿದ: "ದುರಗವ್ವಾ, ತಾರು ಬಂದೈತಿ."

ಆ ಓಣಿಯಲ್ಲಿ ತಾರು ಬಂತೆಂದರೆ ಓದಿಸುವುದಕ್ಕಿಂತ ಮೊದಲು ಅಳುವುದು ರೂಢಿ. ಯಾರಿಗಾಗಿ ಅತ್ತದ್ದೆಂಬುದನ್ನು ಓದಿಸಿದ ಮೇಲೆ ಸೇರಿಸಿಕೊಳ್ಳುತ್ತಿದ್ದರು. ದುರಗವ್ವ ಹೊರೆ ಚೆಲ್ಲಿ ನೆಲಕ್ಕೆ ಕುಸಿದಳು.

"ಯಾರ ಹೋದ್ರೋ ಯಪ್ಪಾ! ಯಾರ ಹೋದ್ರೋ!"

"ಹೇಳಾಕ ಬರಂಗಿಲ್ಲ. ಮೊದಲ ಹೆಬ್ಬಟ್ಟು ಒತ್ತು."

"ಸತ್ತದ್ದು ಯಾರಂತ ಹೇಳೋ ಮೂಳಾ!"

"ತಾರಿನ ಗುಟ್ಟು ಬಿಡಂಗಿಲ್ಲವಾ. ಹೆಬ್ಬಟ್ಟು."

ದುರಗವ್ವ ಎರಡೂ ಕೈಯಿಂದ ಎದೆ ಬಡಿದುಕೊಳ್ಳುತ್ತಿದ್ದುದರಿಂದ ಹೆಬ್ಬಟ್ಟು ಸಿಗಲಿಲ್ಲ. ಹೆಂಗಸರು ಕೂಡಿದರು. ಎದುರು ಮನೆಯ ಖಾದರಬಿ ಕೊಡ ನೀರು ತಂದಳು. ಅಣ್ಣಿಗೇರಿಯ ಅಳಿಯನಿಗೆ ಸಕ್ಕರೆ ಕಾಯಿಲೆ ಇತ್ತಲ್ಲ ಎಂದು ಯಾರೋ ನೆನಪಿಸಿದರು. ಬದುಕಿದ್ದಾಗ ಯಾರೂ ಒಂದು ಒಳ್ಳೆಯ ಮಾತು ಆಡದ ಆ ಅಳಿಯನ ಗುಣಗಾನ ಇಬ್ಬರು ಶುರುಮಾಡಿದರು. ಒಬ್ಬ ಭಜನೆಯವರನ್ನು ಕರೆಯಲು ಹೊರಟೇಬಿಟ್ಟ.

ಗದ್ದಲಕ್ಕೆ ಓಡಿಬಂದ ಅನ್ನವ್ವ ಗಂಡನ ಕೈಯಿಂದ ಚೀಟಿ ಕಸಿದು ಗಟ್ಟಿಯಾಗಿ ಓದಿದಳು: "ಎಮ್ಮೆ ಈದಿದೆ. ಹೆಣ್ಣು. ನಂದಾ."

ಅಳು ನಿಂತಿತು. ದುರಗವ್ವ ಎದ್ದು ಕೂತು ಮೂಗು ಒರೆಸಿಕೊಂಡಳು.

"ಬಣ್ಣ ಯಾವುದಂತ?"

"ಅದು ಬಂದಿಲ್ಲ," ಎಂದ ಈರಬಸಪ್ಪ.

ಆಗ ದುರಗವ್ವ ಚಪ್ಪಲಿ ಹುಡುಕಿದಳು. ಅನ್ನವ್ವನ ಕಣ್ಣು ಮಾತ್ರ ಕೋಟಿನ ಕಿಸೆಯಿಂದ ಇಣುಕುತ್ತಿದ್ದ ಇನ್ನೊಂದು ಚೀಟಿಯ ಮೇಲಿತ್ತು.

"ಅದು ಯಾರದ್ರಿ?"

"ನಿಂದು. ಸರತಿ ಪ್ರಕಾರ ಈಗ ಬಂತು. ಸಹಿ ಹಾಕು."

ಸಹಿ ಹಾಕದೆ ಕಿತ್ತುಕೊಂಡಳು. "ಇನ್ನೂರು ರೊಟ್ಟಿ. ಇಂದೇ. ಐದರ ಗಾಡಿ. ಪುಂಡಲೀಕ." ಕೆಳಗೆ ಅಂದವಾದ ಅಕ್ಷರದಲ್ಲಿ ವೇಳೆ: ಎಂಟು ಗಂಟೆ ಹತ್ತು ನಿಮಿಷ. ಈಗ ಹನ್ನೆರಡು ದಾಟಿತ್ತು. ಒಬ್ಬಳ ಕೈಯಲ್ಲಿ ಇನ್ನೂರು ಆಗುವ ಮಾತೇ ಅಲ್ಲ. ನವಲಗುಂದದ ಹೆಂಗಸರು ಪುಂಡಲೀಕನ ಬಾಗಿಲಲ್ಲಿ ಬುಟ್ಟಿ ಇಳಿಸುತ್ತಿರುವುದು ಅವಳ ಕಣ್ಣ ಮುಂದೆ ಬಂತು.

ಅವಳು ಗಂಡನನ್ನು ಬೈಯಲಿಲ್ಲ. ಬೈಗುಳಕ್ಕೂ ಕೇಳುವ ಕಿವಿ ಬೇಕು. ಸುತ್ತ ನಿಂತಿದ್ದ ಹೆಂಗಸರ ಕಡೆ ತಿರುಗಿದಳು.

"ಅಳಾಕಂತ ಮನಿ ಕೆಲಸ ಬಿಟ್ಟು ಬಂದೀರಿ. ಸತ್ತವರು ಯಾರೂ ಇಲ್ಲ. ಕೈ ಖಾಲಿ ಅದಾವು. ಹಂಚು ತಗೊಂಡು ನಮ್ಮ ಅಂಗಳಕ್ಕ ಬರ್ರಿ."

"ಹೆಣ ಇಲ್ಲಂದಮ್ಯಾಲ ಊಟರೆ ಐತೇನ ಯಕ್ಕಾ?" ಎಂದಳು ಖಾದರಬಿ.

"ಐತಿ. ಪುಂಡಿಪಲ್ಯ. ಏಳು."

ಮನೆಗೆ ಬಂದವಳೇ ಈಳಿಗೆಯ ತುದಿಯಿಂದ ನಾಲ್ಕೂ ಸ್ಕ್ರೂ ಕಿತ್ತು ಮೊಬೈಲು ಬಿಡಿಸಿಕೊಂಡಳು. ಸೌಂಡರ್ ಒಮ್ಮೆ ಕಟ್ ಎಂದು ಸುಮ್ಮನಾಯಿತು. ಪುಂಡಲೀಕನಿಗೆ "ಹೂಂ" ಎಂದು ಕಳಿಸಿ, ಚಟ್ನಿ ಡಬ್ಬಿಯನ್ನೂ ಎತ್ತಿಕೊಂಡು ಹೊರಗೆ ಬಂದಳು. ಈರಬಸಪ್ಪ ಖಾಕಿ ಕೋಟಿನಲ್ಲೇ ಒಳಗೆ ಗೋಡೆಗೆ ಮುಖ ಮಾಡಿ ಕೂತ.

ಅಂಗಳದಲ್ಲಿ ಐದು ಒಲೆ, ಐದು ಹಂಚು. ಪಟಪಟ ಸದ್ದು ಶುರುವಾಯಿತು. ದುರಗವ್ವ ರೊಟ್ಟಿಗೊಂದು ಬೈಗುಳದಂತೆ ಬಡಿದಳು. ಮೂರೂವರೆಗೆ ಅವಳು ಕರುವಿನ ಬಣ್ಣ ನೋಡಲು ಅಣ್ಣಿಗೇರಿ ಬಸ್ಸಿಗೆ ಹೋದಳು. ನಾಲ್ಕಕ್ಕೆ ಇನ್ನಿಬ್ಬರು ಹಾಲು ಹಿಂಡಲು ಎದ್ದರು. ಖಾದರಬಿ ಬುಟ್ಟಿ ಕಟ್ಟಲು ಕೂತಳು. ಹಂಚಿನ ಮುಂದೆ ಉಳಿದವಳು ಅನ್ನವ್ವ ಒಬ್ಬಳೇ.

"ಎಷ್ಟಾದವು?"

"ನೂರಾ ತೊಂಬತ್ತರೆ ಆಗಿರಬೇಕು ಯಕ್ಕಾ."

"ನೂರಾ ಎಪ್ಪತ್ತಾರು," ಎಂದಿತು ಒಳಗಿನಿಂದ ಒಂದು ಧ್ವನಿ.

ಈರಬಸಪ್ಪ ಬಾಗಿಲಲ್ಲಿ ನಿಂತಿದ್ದ. "ದುರಗವ್ವಂದು ಇಪ್ಪತ್ತೊಂದು. ಖಾದರಬಿದು ನಲವತ್ತೇಳು. ಹಾಲಿಗೆ ಹೋದವರು ಇಬ್ಬರೂ ಕೂಡಿ ನಲವತ್ತು. ನಿಂದು ಅರವತ್ತೆಂಟು."

ಖಾದರಬಿ ನಗುತ್ತಲೇ ಬುಟ್ಟಿ ಸುರುವಿ ಎಣಿಸಿದಳು. ನಗು ನಿಂತಿತು. ನೂರಾ ಎಪ್ಪತ್ತಾರೇ ಇದ್ದವು.

"ಗ್ವಾಡಿ ಕಡೆ ಮಾರಿ ಮಾಡಿ ಕುಂತಿದ್ರಿ," ಎಂದಳು ಅನ್ನವ್ವ.

"ಕಿವಿ ಈ ಕಡೆನಽ ಇತ್ತು." ಅವನು ಮೆಟ್ಟಿಲಿಳಿದ. "ಅರವತ್ತರ ಮ್ಯಾಲ ನಿನ್ನ ಬಡಿತ ತಪ್ಪೇತಿ. ಎಡಗೈ ಮಣಿಕಟ್ಟು ಹಿಡದೈತಿ. ಹ್ವಾದ ದೀಪಾವಳಿಗೂ ಹಿಂಗಽ ಆಗಿತ್ತು. ಆರು ದಿನ."

ಹೋದ ದೀಪಾವಳಿಯ ನೋವನ್ನು ಅನ್ನವ್ವ ಯಾರಿಗೂ ಹೇಳಿರಲಿಲ್ಲ. ಎಷ್ಟು ದಿನವೆಂದು ಅವಳೂ ಎಣಿಸಿರಲಿಲ್ಲ. ಹಿಟ್ಟಿನ ಕೈ ಹಾಗೇ ನಿಂತಿತು. ಪರೀಕ್ಷೆ ಮಾಡುವವಳಂತೆ ಮೆಲ್ಲಗೆ ಅಂದಳು:

"ಉಪ್ಪು ಮುಗದೈತ್ರಿ."

ಅವನಿಗೆ ಕೇಳಿಸಲಿಲ್ಲ. ಖಾಕಿ ಕೋಟಿನ ತೋಳು ಮೊಣಕೈವರೆಗೆ ಮಡಚಿ, ಅವಳ ಎಡಗೈಯಿಂದ ನೀರಿನ ಅರಿವೆ ತೆಗೆದುಕೊಂಡು, ಹಂಚಿನ ಮುಂದೆ ಕೂತು ರೊಟ್ಟಿಗೆ ನೀರು ಸವರಿದ.