ಖಣಿ ಬಲಕ್ಕಿರಲಿ

ಭಂಕೂರದ ನಮ್ಮ ತವರುಮನೆಯ ಹಿಂದೆ ಕಲ್ಲು ಮುಗಿದ ಒಂದು ಖಣಿ ಇತ್ತು. ಫರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ತೆಗೆಯುವಷ್ಟು ತೆಗೆದು ಬಿಟ್ಟುಹೋದ ಮೇಲೆ ಅದರೊಳಗೆ ನೀರು ನಿಂತಿತ್ತು. ಸುತ್ತಲೂ ಹಿಂದೆ ಕಲ್ಲಿನ ಬಂಡಿ ಓಡಾಡಿದ ದಾರಿ. ದಾರಿಯ ಒಂದು ಮಗ್ಗುಲಿಗೆ ಒಡಕು ಕಲ್ಲಿನ ದಿಬ್ಬ, ಇನ್ನೊಂದು ಮಗ್ಗುಲಿಗೆ ಖಣಿ. ಒಲೆಯ ಮೇಲೆ ಬೇಳೆ ಇಟ್ಟು ಹೊರಟರೆ ಅದು ಬೇಯುವುದರೊಳಗೆ ಒಂದು ಸುತ್ತು ಮುಗಿಯುತ್ತಿತ್ತು. ಏರಿಲ್ಲ, ಇಳಿತವಿಲ್ಲ. ಮುದುಕರು, ಬಸುರಿಯರು ಆರಾಮಾಗಿ ನಡೆಯುತ್ತಿದ್ದರು. ಆದರೆ ದಾರಿ ಅಡ್ಡಕ್ಕೆ ಸಪಾಟಾಗಿರಲಿಲ್ಲ. ದಿಬ್ಬದ ಕಡೆ ಎತ್ತರ, ಖಣಿಯ ಕಡೆ ತಗ್ಗು. ಇದು ನನಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿದಿರಲಿಲ್ಲ. ಯಾಕೆಂದರೆ ನನ್ನ ಎಡಗಾಲು ಗಿಡ್ಡ.

ಸಣ್ಣವಳಿದ್ದಾಗ ಅಪ್ಪನಿಗೆ ಬುತ್ತಿ ಒಯ್ದು ಫರಸಿಯ ಒಟ್ಟಿಲ ನೆರಳಿಗೆ ಕೂತಿದ್ದೆ. ಒಟ್ಟಿಲು ಜಾರಿ ತೊಡೆಯ ಮೇಲೆ ಬಿತ್ತು. ಎಲುಬು ಕಟ್ಟುವವನು ಕಟ್ಟಿದ. ಎಲುಬು ಕೂಡಿತು, ಎರಡು ಬೆರಳು ಕಮ್ಮಿ ಕೂಡಿತು. ಅಷ್ಟೇ. ನೀರು ಹೊತ್ತೆ, ಕಲ್ಲು ಹೊತ್ತೆ, ಯಾರಿಗೂ ಆ ಎರಡು ಬೆರಳು ಕಾಣಲಿಲ್ಲ. ಲಗ್ನದ ವಯಸ್ಸು ಬಂದ ಮೇಲೆ ಎಲ್ಲರಿಗೂ ಕಂಡಿತು. ಎರಡು ಮನೆಯವರು ಬಂದರು, ನಾನು ಚಹಾ ತರುವುದನ್ನು ನೋಡಿದರು, ಕುಡಿದು ಎದ್ದು ಹೋದರು.

ಮೂರನೆಯವರು ಕೊಡ್ಲಿ ಊರಿನವರು. ಆಗಿನ್ನೂ ಮೈಸೂರು ರಾಜ್ಯ ಅನ್ನುತ್ತಿದ್ದ ಕಾಲ. ಅಣ್ಣನ ಹೆಂಡತಿ, ನಮ್ಮ ವೈನಿ, ಒಂದು ಉಪಾಯ ಹೂಡಿದಳು.

“ಅವರು ಬರೂಕಿಂತ ಮೊದಲೇ ಗೋಡಿಗಿ ಬೆನ್ನು ಹಚ್ಚಿ ಕುಂತಬಿಡು. ಚಾ ನಾ ತರ್ತೀನಿ. ನಡಸಿ ನೋಡ್ತೀವಿ ಅಂದ್ರ ಖಣಿ ಸುತ್ತ ಕರ್ಕೊಂಡು ಹೋಗ್ತೀನಿ. ಖಣಿ ಬಲಕ್ಕಿರಲಿ, ಎಡಗಾಲು ದಿಬ್ಬದ ಕಡಿಗಿರಲಿ. ಹಡದವರಿಗೂ ಗೊತ್ತಾಗಂಗಿಲ್ಲ ನೋಡು.”

ಎಂಟು ದಿನ ನಡೆದು ನೋಡಿದೆ. ಖರೇ ಇತ್ತು. ಎತ್ತರದ ನೆಲ ನನ್ನ ಎರಡು ಬೆರಳನ್ನು ತುಂಬಿಕೊಡುತ್ತಿತ್ತು. ಆದರೆ ನಡಿಗೆ ನೆಟ್ಟಗಾದಷ್ಟೂ ನನಗೆ ಅಂಜಿಕೆ ಹೆಚ್ಚಾಯಿತು. ಬೇಡ ಅಂದು ಹೋಗುವುದು ದೊಡ್ಡದಲ್ಲ, ಅದು ಎರಡು ಸಲ ಆಗಿತ್ತು. ನಮ್ಮ ಓಣಿಯಲ್ಲಿ ಒಬ್ಬಳ ಕಿವುಡು ಮುಚ್ಚಿಟ್ಟು ಲಗ್ನ ಮಾಡಿಕೊಟ್ಟಿದ್ದರು. ಗಂಡನ ಮನೆಯವರು ವಾರದೊಳಗೆ ಆಕೆಯನ್ನು ಗಂಟಿನ ಸಮೇತ ತಂದು ಬಿಟ್ಟು ಹೋದರು. ಆಮೇಲೆ ಆಕೆ ಬಾವಿಗೆ ಬಂದರೂ ಮುಖ ಎತ್ತುತ್ತಿರಲಿಲ್ಲ. ನನಗೂ ಹಾಗೇ ಆದರೆ? ಗಂಡನ ಮನೆಯ ನೆಲವೆಲ್ಲ ನನಗೆ ಬೇಕಾದ ಕಡೆಗೇ ಇಳಿಜಾರಾಗಿರುತ್ತದೇನು?

ಹುಡುಗ, ಅವನ ತಾಯಿ ಬಂದ ದಿನ ನಾನು ಗೋಡೆ ಬಿಟ್ಟು ಕದಲಲಿಲ್ಲ. ಊಟ ಆಯಿತು, ಚಹಾ ಆಯಿತು. ಹುಡುಗನ ತಾಯಿ ನನ್ನನ್ನೇ ನೋಡುತ್ತಿದ್ದಳು. ಕಡೆಗೆ ಅಂದಳು, “ರೊಟ್ಟಿ ಭಾಳ ಆತು. ಏಳವ್ವ, ಒಂದೀಟು ಅಡ್ಡಾಡಿ ಬರೋಣು.”

ಹಿತ್ತಲ ಬಾಗಿಲಿನಿಂದ ಖಣಿಯ ದಾರಿಗೆ ಹತ್ತು ಹೆಜ್ಜೆ. ವೈನಿ ನನ್ನ ಹೆಗಲ ಮೇಲೆ ಕೈ ಹಾಕಿ, ಕಿವಿಯಲ್ಲಿ ಏನೋ ಹೇಳುವವಳಂತೆ ಅರ್ಧ ಎತ್ತಿಕೊಂಡೇ ಹೋದಳು. ಹುಡುಗನ ತಾಯಿ ಖಣಿ ಎಡಕ್ಕೆ ಬರುವ ಕಡೆ ತಿರುಗಿದಾಗ, “ಈ ಕಡಿಯಿಂದ ಬರ್ರಿ. ಖಣಿ ದಂಡಿಗಿ ದೇವಿ ಕಲ್ಲು ಅದ, ಎಡಕ್ಕ ಹಾಕ್ಕೊಂಡು ಸುತ್ತಂಗಿಲ್ಲ” ಅಂದಳು.

“ಹಂಗಾದ್ರ ನೀವು ಮುಂದ ನಡೀರಿ, ನಾ ಹಿಂದ ಬರ್ತೀನಿ.”

ಹಿಂದೆ ಬಂದಳು. ನನ್ನ ಜೀವ ಪಾದದಲ್ಲಿತ್ತು. ಅರ್ಧ ಸುತ್ತು ಒಂದು ಹೆಜ್ಜೆಯೂ ತಪ್ಪದೆ ನಡೆದೆ. ವೈನಿ ಮುಸಿಮುಸಿ ನಗುತ್ತಿದ್ದಳು. ಆಗ ಹಿಂದಿನಿಂದ ದನಿ ಬಂತು, “ಯವ್ವಾ, ನಮ್ಮ ಮನಿಗಿ ಬರ್ಲಿಕ್ಕ ಮನಸ್ಸರೆ ಅದನೋ ಇಲ್ಲೋ?”

ಆ ಮಾತು ಕೇಳಿ ನಿಂತೆ. ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

“ಅದರಿ. ಆದ್ರ ಸ್ವಲ್ಪ ನಿಂದರ್ರಿ. ಹೊಳ್ಳಿ ನಡದು ತೋರಸ್ತೀನಿ.”

ವೈನಿ ನನ್ನ ತೋಳು ಚಿವುಟಿದಳು. “ಎಡಕ್ಕ ಹೋಗಬ್ಯಾಡ, ದೇವಿ ಸಿಟ್ಟಾಗ್ತಾಳ!”

ಹೋದೆ. ಖಣಿ ಎಡಕ್ಕೆ ಬಂತು, ಗಿಡ್ಡ ಕಾಲು ತಗ್ಗಿಗೆ ಬಂತು. ಮನೆಯಲ್ಲಿ ಕುಂಟುವುದರ ಎರಡರಷ್ಟು ಕುಂಟಿದೆ. ಹೊಳ್ಳಿ ನೋಡಿದರೆ ವೈನಿ ತಲೆಯ ಮೇಲೆ ಕೈ ಹೊತ್ತು ನಿಂತಿದ್ದಳು.

ಹುಡುಗನ ತಾಯಿ ನನ್ನನ್ನು ಒಂದು ಒಡಕು ಫರಸಿಯ ಮೇಲೆ ಕೂಡಿಸಿದಳು. ಎರಡೂ ಕಾಲು ಚಾಚಿಸಿ, ಹಿಮ್ಮಡಿಗೆ ಬೆರಳು ಹಚ್ಚಿ ಅಳೆದಳು.

“ಎರಡು ಬೆರಳು. ಇಷ್ಟೇನು?”

“ಇಷ್ಟರಿ.”

“ಮೂರ್ಛಿ ಗೀರ್ಛಿ?”

“ಇಲ್ರಿ.”

“ತೊನ್ನು?”

“ಇಲ್ರಿ.”

“ಅಯ್ಯ ನಿನ್ನ!” ಅಂದು ಆಕೆಯೂ ನನ್ನ ಪಕ್ಕ ಕುಕ್ಕರಿಸಿದಳು. “ಮುಂಜಾನಿಂದ ನನ್ನ ಎದಿ ಹೊಡ್ಕೊಳ್ಳಾಕತ್ತದ. ನೀ ಗೋಡಿ ಬಿಟ್ಟು ಸರೀಲಿಲ್ಲ. ಬೆನ್ನು ತುಂಬ ತೊನ್ನು ಅದ, ಅದಕ್ಕೇ ಮುಚ್ಚ್ಯಾರ ಅನ್ಕೊಂಡೆ. ಹಿಂದ ಯಾಕ ಬಂದೆ ಅಂತಿ? ನಿನ್ನ ಕುತ್ತಿಗಿ ನೋಡ್ಕೋತ ಬಂದೆ.”

ಎಂಟು ದಿನ ನಾವು ಕಾಲು ಕಾಯ್ದೆವು, ಆಕೆ ಕುತ್ತಿಗೆ ನೋಡಿದ್ದಳು. ನನಗೆ ನಗು ಬಂತು. ವೈನಿಗೆ ಬರಲಿಲ್ಲ. ಆಕೆಗೆ ಹುಡುಗನ ತಾಯಿ, “ದೇವಿಗಿ ನಿಮ್ಮ ನಾದ್ನಿ ಕಾಲಿನ ಅಳತಿ ಗೊತ್ತಿಲ್ಲೇನು?” ಅಂದಳು. ನನ್ನ ಕಡೆ ತಿರುಗಿ ಅಂದಳು, “ನಮ್ಮದು ಗುಡ್ಡದ ಓರಿ ಹೊಲ. ಹೋಗೂ ಸಾಲು ನೆಟ್ಟಗ ನಡೀತಿ, ಬರೂ ಸಾಲು ಕುಂಟ್ತಿ. ನಡಿ, ಮನಿಗಿ ಹೋಗಿ ಇನ್ನೊಮ್ಮಿ ಚಾ ಮಾಡು. ನೀನೇ ತೊಗೊಂಡು ಬಾ. ಹುಡುಗ ನೋಡಲಿ.”

ಮನೆಯ ನೆಲ ಸಪಾಟು ಫರಸಿಯದು. ಅದರ ಮೇಲೆ ಕಪ್-ಬಸಿಗಳ ತಾಟು ಹಿಡಿದು ನನ್ನ ನಡಿಗೆಯಲ್ಲೇ ನಡೆದೆ. ಅಪ್ಪ ತಲೆ ತಗ್ಗಿಸಿದ. ಹುಡುಗ ಕಾಲು ನೋಡಿದ, ಆಮೇಲೆ ತಾಟು ನೋಡಿದ.

“ಒಂದು ಹನಿ ಚೆಲ್ಲಿಲ್ಲ ನೋಡವ್ವ,” ಅಂದ.

“ಚೆಲ್ಲಿದ್ರ ನೀ ಒರಸ್ತಿದ್ದಿ,” ಅಂದಳು ಅವರವ್ವ.

ಲಗ್ನ ಆಯಿತು. ಹೊಲದ ಬಗ್ಗೆ ಅತ್ತೆ ಹೇಳಿದ್ದು ಸುಳ್ಳಾಗಲಿಲ್ಲ. ತೊಗರಿಯ ಸಾಲಿನಲ್ಲಿ ಹೋಗುವಾಗ ನೆಟ್ಟಗೆ ಹೋಗುತ್ತಿದ್ದೆ, ಬರುವಾಗ ಸೊಂಟ ಹಿಡಿದು ಬರುತ್ತಿದ್ದೆ. ಆ ಸಾಲು ನಾನು ಹಿಡಿಯುತ್ತೇನೆ, ನೀನು ಕೂಡು ಅಂತ ಅತ್ತೆ ಒಮ್ಮೆಯೂ ಅನ್ನಲಿಲ್ಲ, ನಾನೂ ಕೇಳಲಿಲ್ಲ. ಸೊಂಟ ನೋವು ರಾತ್ರಿ ಬಿಸಿನೀರು ಹಾಕಿದರೆ ಹೋಗುತ್ತಿತ್ತು. ಕಾಲು ಮುಚ್ಚುವ ಕೆಲಸ ಮಾತ್ರ ಖಣಿಯ ದಂಡೆಯ ಮೇಲೇ ಮುಗಿದಿತ್ತು. ತವರಿಗೆ ಹೋದಾಗಲೆಲ್ಲ ಈಗಲೂ ಒಂದು ಸುತ್ತು ಹಾಕುತ್ತೇನೆ. ಯಾವ ಕಡೆ ಮುಖ ಇರುತ್ತದೋ ಆ ಕಡೆಯಿಂದ.