ಗುಣವತಿ ಎರಡು ಸಲ ಓದಿದ ರಿಪೋರ್ಟು

ಹಿಮಾಯತ್‌ನಗರದ ಒಂದು ಲ್ಯಾಬಿನಲ್ಲಿ ಗುಣವತಿ ಒಂಬತ್ತು ವರ್ಷದಿಂದ ರಕ್ತ ತೆಗೆಯುವ ಕೆಲಸ ಮಾಡುತ್ತಿದ್ದಾಳೆ. ಗಂಡ ಅಂಬಾದಾಸ ಮಿಯಾಪುರದ ದೊಡ್ಡ ಅಪಾರ್ಟ್‌ಮೆಂಟೊಂದರಲ್ಲಿ ಲಿಫ್ಟು, ನೀರಿನ ಮೋಟರು ನೋಡಿಕೊಳ್ಳುತ್ತಾನೆ. ಇಬ್ಬರೂ ಬೀದರ್ ಕಡೆಯವರು. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಿರಲಿಲ್ಲ.

ಕಳೆದ ವರ್ಷ ಅಮೀರ್‌ಪೇಟ್ ಹತ್ತಿರದ ಒಂದು ಫರ್ಟಿಲಿಟಿ ಕ್ಲಿನಿಕ್ಕಿಗೆ ಹೋಗತೊಡಗಿದರು. ಮೊದಲ ವಾರವೇ ಅಂಬಾದಾಸನ ವೀರ್ಯ ಪರೀಕ್ಷೆಯ ರಿಪೋರ್ಟು ‘ನಾರ್ಮಲ್’ ಎಂದು ಬಂತು. ಅಲ್ಲಿಂದಾಚೆ ಎಲ್ಲವೂ ಗುಣವತಿಯ ಮೈಮೇಲೆಯೇ. ಐದು ತಿಂಗಳು ಮಾತ್ರೆ, ಹೊಟ್ಟೆಗೆ ಇಂಜೆಕ್ಷನ್ನು, ಸ್ಕ್ಯಾನಿಂಗು. ಮೈ ಬಾತುಕೊಂಡಿತು. ಊರಿನಿಂದ ಅತ್ತೆ ಫೋನ್ ಮಾಡಿದಾಗಲೆಲ್ಲ, “ನಮ್ಮ ಹುಡುಗಂದು ಎಲ್ಲಾ ಛಲೋ ಐತಂತಲ್ಲ” ಎನ್ನುತ್ತಿದ್ದಳು. 

ಆರನೇ ತಿಂಗಳು ಕ್ಲಿನಿಕ್ಕಿನವರು ಅವಳ ರಕ್ತ ಪರೀಕ್ಷೆ ಮಾಡಿಸಿ, ಅಂಡಾಣು ಹೆಚ್ಚುಕಡಿಮೆ ಮುಗಿದೇ ಹೋಗಿವೆ ಎಂದರು. ಬೇರೊಬ್ಬರ ಅಂಡಾಣು ತೆಗೆದುಕೊಂಡು ಐವಿಎಫ್ ಮಾಡಬೇಕು, ಮೂರು ಲಕ್ಷ ಎಂಬತ್ತು ಸಾವಿರ, ಈ ವಾರವೇ ಅಡ್ವಾನ್ಸ್ ಕಟ್ಟಿದರೆ ರಿಯಾಯಿತಿ ಉಂಟು ಎಂದೂ ಹೇಳಿದರು.

ಗುಣವತಿಯ ಕಣ್ಣು ರಿಪೋರ್ಟಿನ ಮೂಲೆಯಲ್ಲಿ ನಿಂತಿತ್ತು. ರಕ್ತ ತೆಗೆದ ಸಮಯ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ ಎಂದಿತ್ತು. ಆ ದಿನ ಅವಳು ಬೆಳಿಗ್ಗೆ ತನ್ನ ಲ್ಯಾಬಿನಲ್ಲಿದ್ದಳು. ಕ್ಲಿನಿಕ್ಕಿಗೆ ಬಂದದ್ದೇ ಮಧ್ಯಾಹ್ನ ಎರಡರ ಮೇಲೆ. ಕೇಳಿದರೆ, ಕಂಪ್ಯೂಟರಿನ ತಪ್ಪು ಎಂದರು.

ಮರುದಿನ ಜೊತೆಗೆ ಕೆಲಸ ಮಾಡುವ ಸೌಂದರ್ಯಾಳ ಮುಂದೆ ತೋಳು ಚಾಚಿ, “ನನ್ನ ರಕ್ತ ತಗಿಯವಾ” ಎಂದಳು. ಎರಡು ದಿನಕ್ಕೆ ಫಲಿತಾಂಶ ಬಂತು. ಅಂಡಾಣುವಿನ ಪ್ರಮಾಣ ಅವಳ ವಯಸ್ಸಿಗೆ ಎಷ್ಟಿರಬೇಕೋ ಅಷ್ಟಿತ್ತು.

ಎರಡೂ ಕಾಗದ ಗಂಡನ ಮುಂದಿಟ್ಟಳು. ಅವನು ಸರಿಯಾಗಿ ನೋಡಲೂ ಇಲ್ಲ.

“ಯಾವ ಲ್ಯಾಬ್ ಖರೆ ಅಂತ ಹೆಂಗ ಹೇಳ್ತಿ? ರೊಕ್ಕದ ಚಿಂತಿ ಬಿಡು, ಪಿಎಫ್ ತಗೀತೀನಿ. ನೀ ಒಪ್ಪಿಗಿ ಪತ್ರಕ್ಕ ಸಹಿ ಮಾಡು.”

ಆಟೋದವನ ಜೊತೆ ಹತ್ತು ರೂಪಾಯಿಗೆ ಜಗಳಾಡುವ ಮನುಷ್ಯ ಇಷ್ಟು ದೊಡ್ಡ ದುಡ್ಡಿಗೆ ಯಾಕೆ ಅವಸರ ಮಾಡುತ್ತಿದ್ದಾನೆ? ಅಲ್ಲಿಯವರೆಗೆ ಕ್ಲಿನಿಕ್ಕಿನ ಮೇಲಿದ್ದ ಅವಳ ಅನುಮಾನ ಮೆಲ್ಲಗೆ ಮನೆಯೊಳಗೆ ತಿರುಗಿತು.

“ನಿಮ್ಮದೂ ನಮ್ಮ ಲ್ಯಾಬಿನ್ಯಾಗ ಇನ್ನೊಮ್ಮಿ ಮಾಡಸೋಣ್ರಿ” ಎಂದಳು.

“ಬ್ಯಾಡ” ಎಂದವನೇ ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಮೂರು ದಿನ ಅವಳು ಅವನನ್ನು ಗಮನಿಸಿದಳು. ಅವನ ಫೋನು ಸದ್ದಾದರೆ ಯಾರದೆಂದು ನೋಡುವಳು. ಕ್ಲಿನಿಕ್ಕಿನವರಿಂದ ಕಮಿಷನ್ ತಿನ್ನುತ್ತಿದ್ದಾನೋ, ಮೊದಲೇ ಯಾವುದೋ ರೋಗವಿತ್ತೋ, ಬೇರೆ ಯಾವಳಾದರೂ ಇದ್ದಾಳೋ? ಒಂದೊಂದು ದಿನ ಒಂದೊಂದು ಯೋಚನೆ.

ಭಾನುವಾರ ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಅವನೇ ಬಂದು ಅಡಿಗೆಮನೆ ಬಾಗಿಲಲ್ಲಿ ನಿಂತ.

“ಗುಣಾ, ನಾ ಸ್ಯಾಂಪಲ್ ಕೊಟ್ಟೇ ಇಲ್ಲ.”

ಅವಳು ರೊಟ್ಟಿ ಹಂಚಿಗೆ ಹಾಕಿ ಅವನ ಕಡೆ ತಿರುಗಿದಳು.

“ಕ್ಲಿನಿಕ್ಕಿನ ಆ ಖೋಲಿಯೊಳಗ ಡಬ್ಬಿ ಹಿಡಕೊಂಡು ಅರ್ಧ ತಾಸು ಕುಂತೆ. ಹೊರಗ ಜನ ಮಾತಾಡೋದು ಕೇಳಸ್ತಿತ್ತು. ಆಗಲಿಲ್ಲ. ಖಾಲಿ ಡಬ್ಬಿ ಅಲ್ಲೇ ಇಟ್ಟು ಬಂದೆ. ಮರುದಿನ ಫೋನಿಗೆ ರಿಪೋರ್ಟ್ ಬಂತು, ನಾರ್ಮಲ್ ಅಂತ. ನಿನಗ ಹೇಳಾಕ ನಾಚಿಕಿ ಬಂತು. ನನ್ನ ಪರೀಕ್ಷಾ ಇನ್ನೊಮ್ಮಿ ಆದರ ಎಲ್ಲಾ ಹೊರಗ ಬರ್ತೈತಿ ಅಂತ ಅಂಜಿ ಸಹಿಗೆ ಅವಸರ ಮಾಡಿದೆ.”

“ಅವರು ಸುಳ್ಳು ಬರೀತಾರ ಅಂತ ನಿಮಗ ಮೊದಲನೇ ವಾರಾನ ಗೊತ್ತಿತ್ತು.”

“ಹೂಂ.”

“ಐದು ತಿಂಗಳು ನಾ ಸೂಜಿ ಚುಚ್ಚಿಸಿಕೊಂಡೆ. ನೋಡಕೋತ ಕುಂತ್ರಿ.”

ಅವಳು ಅಳಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕರಿಯಾದದ್ದನ್ನು ಇಬ್ಬರೂ ನೋಡಲಿಲ್ಲ.

ಸೋಮವಾರ ಇಬ್ಬರೂ ಕ್ಲಿನಿಕ್ಕಿಗೆ ಹೋದರು. ಕಾಯುತ್ತ ಕೂತವರೆಲ್ಲ ಕೇಳುವಂತೆ ಗುಣವತಿ ಹಿಂದಿಯಲ್ಲಿ ಮ್ಯಾನೇಜರನನ್ನು ಕೇಳಿದಳು: “ಖಾಲಿ ಡಬ್ಬಿಯಲ್ಲಿ ಇಷ್ಟು ಕೋಟಿ ವೀರ್ಯಾಣು ಹೇಗೆ ಎಣಿಸಿದಿರಿ?” ಅವನು ಗಡಬಡಿಸಿ ಅವರನ್ನು ಒಳಗೆ ಕರೆದೊಯ್ದು, ದುಡ್ಡು ವಾಪಸು ಕೊಡುತ್ತೇವೆ, ಗಲಾಟೆ ಬೇಡ ಎಂದ. ಅವಳು ಇಡೀ ಫೈಲಿನ ನಕಲು ತೆಗೆಸಿಕೊಂಡಳು. ಜಿಲ್ಲಾ ಆರೋಗ್ಯಾಧಿಕಾರಿಗೆ ದೂರು ಬರೆದಳು. “ನಾ ಸ್ಯಾಂಪಲ್ ಕೊಟ್ಟಿಲ್ಲ” ಎಂದು ಅದರ ಕೆಳಗೆ ಅಂಬಾದಾಸ ತನ್ನ ಕೈಯಾರೆ ಬರೆದು ಸಹಿ ಮಾಡಿದ. ತನಿಖೆ ಇನ್ನೂ ನಡೆದಿದೆ.

ಬೇರೆ ಆಸ್ಪತ್ರೆಯಲ್ಲಿ ಅವನು ಪರೀಕ್ಷೆ ಮಾಡಿಸಿಕೊಂಡ. ವೀರ್ಯಾಣು ತೀರಾ ಕಡಿಮೆ ಇದ್ದವು. ವೃಷಣದ ಹತ್ತಿರ ಒಂದು ನರ ಊದಿಕೊಂಡಿದೆ, ಸಣ್ಣ ಆಪರೇಷನ್ ಸಾಕು ಎಂದರು. ಆ ಸಂಜೆ ಅವನೇ ಊರಿಗೆ ಫೋನ್ ಹಚ್ಚಿದ. “ಅವ್ವಾ, ತೊಂದರಿ ನಂದೈತಿ. ಆಕಿಗೆ ಇನ್ನ ಏನೂ ಅನಬ್ಯಾಡ.” ಗುಣವತಿ ಬಟ್ಟೆ ಮಡಚುತ್ತ ಕೇಳಿಸಿಕೊಂಡಳು.

ಆಪರೇಷನ್ ಆಗಿ ನಾಲ್ಕು ತಿಂಗಳಿಗೆ ಮತ್ತೆ ಪರೀಕ್ಷೆಯಾಯಿತು. ಲಕೋಟೆ ಒಡೆಯದೆ ತಂದು ಅವನು ಅವಳ ಕೈಗಿತ್ತ. ಸಂಖ್ಯೆ ಏರಿತ್ತು. ಅವಳು ಎರಡು ಸಲ ಓದಿದಳು. ಆಮೇಲೆ ಅವನ ಮುಂದೆಯೇ ಆಸ್ಪತ್ರೆಗೆ ಫೋನ್ ಮಾಡಿ, ರಿಪೋರ್ಟಿನ ನಂಬರು ಹೇಳಿ, ಖರೆಯೋ ಸುಳ್ಳೋ ಕೇಳಿದಳು. ಖರೆಯೇ ಇತ್ತು.

ಅಂಬಾದಾಸ ಸಿಟ್ಟಾಗಲಿಲ್ಲ. ಅವಳು ಫೋನ್ ಇಡುವವರೆಗೂ ಎದುರಿಗೆ ಕೂತೇ ಇದ್ದ.